ಚಳಿಗೆ ಚಾಲೂ ಆಗದ ಗಾಡಿ

ಚಳಿಗಾಲದ ನಸುಕಿನಲ್ಲಿ ಹಸಿ ಪೆಟ್ರೋಲಿನ ವಾಸನೆ ಬಂದರೆ ನನಗೆ ಈಗಲೂ ಎದೆ ಬಿಗಿಯುತ್ತದೆ. ಕೊಂಡಾಪುರದ ನಮ್ಮ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಕಾರುಗಳೆಲ್ಲ ಗುಂಡಿ ಒತ್ತಿದರೆ ಸದ್ದಿಲ್ಲದೆ ಹೊರಡುತ್ತವೆ. ಮೊನ್ನೆ ಮಾತ್ರ ಯಾರದೋ ಹಳೆಯ ಕಾರೊಂದು ಕಂಬದ ಆಚೆ ಕೆಮ್ಮುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಕೆಮ್ಮುತ್ತಿತ್ತು. ಹಾಲಿನ ಪಾಕೀಟು ಹಿಡಿದು ನಾನು ಅಲ್ಲಿಯೇ ನಿಂತುಬಿಟ್ಟೆ. ಅದು ಚಾಲೂ ಆಗುವ ತನಕ ಮೇಲೆ ಹೋಗಲು ಆಗಲಿಲ್ಲ.

ಮಲ್ಕಾಜ್‌ಗಿರಿಯಲ್ಲಿ ರೈಲು ಹಳಿಗೆ ಬೆನ್ನು ಮಾಡಿ ನಮ್ಮ ಮನೆಯಿತ್ತು. ಅಪ್ಪ ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದರು. ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದವಳು, ವಿಜಾಪುರದ ಕಡೆಯಿಂದ ಬಂದು ನಮ್ಮ ಜೊತೆಗೇ ಇದ್ದಳು. ಅಮ್ಮನಿಗೆ ದಮ್ಮಿನ ಕಾಯಿಲೆ. ಸಂಕ್ರಾಂತಿಗೆ ಮುಂಚಿನ ದಿನಗಳಲ್ಲಿ, ಕಿಟಕಿಯ ಸರಳುಗಳು ಮುಟ್ಟಿದರೆ ಕೈ ಹಿಂದೆಗೆಯುವಷ್ಟು ತಣ್ಣಗಾಗಿರುವಾಗ, ಅಮ್ಮ ಹಾಸಿಗೆಯಲ್ಲಿ ಎದ್ದು ಕೂತು ಎರಡೂ ಕೈ ಊರಿ ಉಸಿರು ಹುಡುಕುತ್ತಿದ್ದಳು. ಆಯಿ ಅವಳ ಹಣೆಗೆ, ಎದೆಗೆ ವಿಭೂತಿ ಹಚ್ಚಿ ಬೆನ್ನು ಸವರುತ್ತ ಕೂರುತ್ತಿದ್ದಳು. ಅಷ್ಟು ಬೆಳಿಗ್ಗೆ ಆಟೋ ಸಿಗುತ್ತಿರಲಿಲ್ಲ. ಅಮ್ಮನನ್ನು ಆಸ್ಪತ್ರೆಗೆ ಮುಟ್ಟಿಸಲೆಂದೇ ಅಪ್ಪ ಯಾರೋ ಓಡಿಸಿ ಬಿಟ್ಟ ಬೂದು ಬಣ್ಣದ ಕಾರೊಂದನ್ನು ತಂದಿದ್ದರು. ಮನೆಯಲ್ಲಿ ಅದಕ್ಕೆ ಗಾಡಿ ಎಂದಷ್ಟೇ ಹೆಸರು.

ಆದರೆ ಬೇಕಾದ ಹೊತ್ತಿಗೇ ಅದು ಕೈಕೊಡುತ್ತಿತ್ತು. ಮಧ್ಯಾಹ್ನ ಕೀಲಿ ತಿರುಗಿಸಿದರೆ ತಕ್ಷಣ ಚಾಲೂ ಆಗುವ ಗಾಡಿ, ನಸುಕಿನಲ್ಲಿ ಒಮ್ಮೆ ನರಳಿ ಸುಮ್ಮನಾಗುತ್ತಿತ್ತು. ಅಪ್ಪ ಪ್ಲಗ್ ಬಿಚ್ಚಿ ಉಜ್ಜಿದರು. ಕಾರ್ಬುರೇಟರ್ ತೊಳೆದರು. ಬ್ಯಾಟರಿಗೆ ನೀರು ಹಾಕಿಸಿ ಚಾರ್ಜು ಮಾಡಿಸಿದರು. ಚೋಕ್ ಎಳೆದೆಳೆದು ಅಂಗಳವೆಲ್ಲ ಪೆಟ್ರೋಲಿನ ವಾಸನೆ ತುಂಬುತ್ತಿತ್ತೇ ಹೊರತು ಎಂಜಿನ್ ಹತ್ತುತ್ತಿರಲಿಲ್ಲ. ಎದುರುಮನೆಯ ನರಸಿಂಗರಾವ್ ಮಫ್ಲರ್ ಸುತ್ತಿಕೊಂಡು ಗೇಟಿಗೆ ಬಂದು, "ಏಂ ಸಾರ್, ಬಂಡಿಕ್ಕೂಡಾ ಚಲೇನಾ?" ಎಂದು ತೆಲುಗಿನಲ್ಲಿ, ಗಾಡಿಗೂ ಚಳಿಯೇ ಎಂದು, ನಗುತ್ತಿದ್ದರು. ಒಂದು ದಿನ ಅವರು ನಗಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಅಮ್ಮನ ತುಟಿ ನೀಲಿಯಾಗಿತ್ತು. ಅವರು ಮಫ್ಲರ್ ಕಿತ್ತೆಸೆದು ಗಾಡಿಯನ್ನು ಸ್ಟೇಷನ್ನಿನ ಇಳಿಜಾರಿನ ತನಕ ಒಬ್ಬರೇ ತಳ್ಳಿದರು. ಇಳಿಜಾರಿನಲ್ಲಿ ಎಂಜಿನ್ ಹತ್ತಿತು. ಅಮ್ಮ ಉಳಿದಳು.

ಆಸ್ಪತ್ರೆಯಿಂದ ಬಂದ ಮೇಲೆ ಅಮ್ಮ ಶಾಲು ಹೊದ್ದು ಕೂತು ಹೇಳಿದಳು: "ನೀವು ಕೀಲಿ ತಿರುವಿದ ಕೂಡ್ಲೆ ಗಾಡಿಯೊಳಗ ನನ್ನ ತಲಿ ಮ್ಯಾಲಿನ ದೀಪ ಪೂರಾ ಆರಿಹೋತ್ರಿ. ಕೈ ಬಿಟ್ಟ ಕೂಡ್ಲೆ ಮತ್ತ ಹತ್ತಿತು. ಬ್ಯಾಟರಿ ಸತ್ತಿದ್ರ ಹಂಗ ಹತ್ತತಿತ್ತೇನ್ರಿ?"

ಅಪ್ಪ ಊಟದ ತಾಟಿನಿಂದ ಕೈ ತೆಗೆದು ಅವಳನ್ನೇ ನೋಡಿದರು. "ಉಸಿರು ಹೋಗಾಕತ್ತಿತ್ತು, ನೀ ದೀಪ ನೋಡಾಕತ್ತಿದ್ದಿ?"

"ಮತ್ತೇನ್ ನೋಡ್ಲಿ? ನಿಮ್ಮ ಬೋಳು ತಲಿ ನೋಡ್ಲೇನು?"

ಮರುದಿನ ನಸುಕಿನಲ್ಲಿ, ಎಂಜಿನ್ ಪೂರಾ ತಣ್ಣಗಿರುವಾಗ, ಅಮ್ಮ ಸ್ಟಿಯರಿಂಗ್ ಮುಂದೆ ಕೂತು ಕೀಲಿ ಹಿಡಿದಳು. ಅಪ್ಪ ಬಾನೆಟ್ ಎತ್ತಿ ನಿಂತರು. ನಾನು ಮೆಟ್ಟಿಲ ಮೇಲಿದ್ದೆ. "ತಿರುವಲೇನ್ರಿ?" "ತಿರುವು." ಗಾಡಿ ನರಳಿತು. ಅಪ್ಪ ಬ್ಯಾಟರಿಯ ಒಂದು ತುದಿ ಮುಟ್ಟಿದರು, ಇನ್ನೊಂದು ಮುಟ್ಟಿದರು. "ಇಲ್ಲಿ ಬೆಚ್ಚಗೈತಿ," ಎಂದರು. ಆ ಚಳಿಯಲ್ಲಿ ಇಡೀ ಗಾಡಿ ಕಲ್ಲಿನಂತೆ ತಣ್ಣಗಿತ್ತು. ತಂತಿಯನ್ನು ಬ್ಯಾಟರಿಗೆ ಕಚ್ಚಿಸುವ ಆ ಹಿಡಿಕೆಯೊಂದೇ ಬಿಸಿಯಾಗಿತ್ತು. ಅಲ್ಲಿ ಏನೋ ಅಡ್ಡ ನಿಂತಿತ್ತು. ಚಳಿಗೆ ಎಣ್ಣೆ ಗಟ್ಟಿಯಾಗಿ ಎಂಜಿನ್ನಿಗೆ ಹೆಚ್ಚು ಕರೆಂಟು ಬೇಕಾದಾಗ ಅದು ಹಾಯಲು ದಾರಿ ಸಾಲುತ್ತಿರಲಿಲ್ಲ.

ಪಾನಾ ಹಾಕಿ ಹಿಡಿಕೆ ಬಿಚ್ಚಿದರೆ ಒಳಗೆ ಬಿಳಿ ಪದರ ಗಟ್ಟಿಯಾಗಿ ಕೂತಿತ್ತು. ಅಪ್ಪ ಅದನ್ನು ಉಗುರಿನಿಂದ ಕೆರೆದು ಬೆರಳಲ್ಲಿ ತಿಕ್ಕಿ ಮೂಸಿದರು. ತುಪ್ಪದ ವಾಸನೆ. ಪ್ರತಿ ದಸರೆಯ ಖಂಡೇಪೂಜೆಗೆ, ಅಂದರೆ ಆಯುಧಪೂಜೆಗೆ, ಅಪ್ಪ ಬ್ಯಾಟರಿ ಬಿಚ್ಚಿ ಒರೆಸಿ ಮಣೆಯ ಮೇಲೆ ಇಡುತ್ತಿದ್ದರು. ಗಾಡಿಯ ಜೀವ ಅದರಲ್ಲಿದೆ ಎಂದು ಆಯಿ ಅದರ ಎರಡು ಮೊಳೆಗಳಿಗೆ, ಹಿಡಿಕೆ ಕಚ್ಚುವ ಜಾಗಕ್ಕೇ, ತುಪ್ಪದಲ್ಲಿ ಕಲಸಿದ ವಿಭೂತಿ ಹಚ್ಚುತ್ತಿದ್ದಳು. ಸೊಸೆಗೆ ಹಚ್ಚುವ ವಿಭೂತಿಯೇ ಅದು. ಹಚ್ಚಿದ ವಿಭೂತಿ ಒರೆಸಬಾರದೆಂದು, ದಿನವೂ ಸಿಗ್ನಲ್ಲಿನ ತಂತಿ ಉಜ್ಜುವ ನಮ್ಮಪ್ಪ, ಅದರ ಮೇಲೆಯೇ ಹಿಡಿಕೆ ಬಿಗಿಯುತ್ತಿದ್ದರು.

ಆಯಿ ಬಾಗಿಲಲ್ಲಿ ನಿಂತಿದ್ದಳು. "ಏನೋ ಅದು ಬೆಳ್ಳಗ?"

"ಆಸಿಡ್ ಕಟ್ಟೈತಿ ಅವ್ವಾ. ಹಳೇ ಬ್ಯಾಟರಿ."

ಅಪ್ಪ ಬಿಸಿನೀರಿನ ಬಟ್ಟೆಯಿಂದ ಒರೆಸಿ, ಸೀಸದ ಮೊಳೆ ಹೊಳೆಯುವಂತೆ ಉಜ್ಜಿ, ಹಿಡಿಕೆ ಬಿಗಿದು ಹೊರಗಿನಿಂದ ಗ್ರೀಸ್ ಬಳಿದರು. ಅಮ್ಮ ಕೀಲಿ ತಿರುಗಿಸಿದಳು. ಗಾಡಿ ಎದ್ದಿತು. ಅಮ್ಮ ಒಳಗಿನಿಂದಲೇ ಕೈ ಎತ್ತಿ ನಮಗೆಲ್ಲ ನಮಸ್ಕಾರ ಮಾಡಿದಳು, ಚುನಾವಣೆ ಗೆದ್ದವಳ ಹಾಗೆ.

ಮುಂದಿನ ದಸರೆಗೆ ಆಯಿ ವಿಭೂತಿಯ ತಟ್ಟೆಯನ್ನು ಅಮ್ಮನ ಕೈಗೆ ಕೊಟ್ಟಳು. "ನೀ ಹಚ್ಚು ಶಾಂತಾ. ಗಾಡಿ ಬಾಗಲಕ್ಕ ಹಚ್ಚು ಸಾಕು, ಒಳಗ ಬ್ಯಾಡ." ಅವಳಿಗೆ ಗೊತ್ತಾಗಿತ್ತೆಂದು ನಮಗೆ ಆಗ ತಿಳಿಯಿತು.

ಅಮ್ಮ ಹೋದದ್ದು ಅದಾದ ಮೇಲಿನ ಚಳಿಗಾಲದಲ್ಲಿ. ಆಯಿ ಆಗ ಊರಿಗೆ ಹೋಗಿದ್ದಳು. ಹಿಂದಿನ ಸೀಟಿನಲ್ಲಿ ಅಮ್ಮನ ತಲೆ ನನ್ನ ತೊಡೆಯ ಮೇಲಿತ್ತು. ಆಸ್ಪತ್ರೆಯ ಗೇಟು ಕಾಣುವಷ್ಟರಲ್ಲಿ ಅವಳ ಬೆರಳು ನನ್ನ ಕೈಯಲ್ಲಿ ಸಡಿಲಾದವು. ಈಗ ಆ ಮನೆಯ ಜಾಗದಲ್ಲಿ ಅಂಗಡಿಗಳ ಸಾಲಿದೆ. ಗಾಡಿ ಗುಜರಿಗೆ ಹೋಯಿತು, ಅಪ್ಪನೂ ಇಲ್ಲ. ನೆನಪಿನಲ್ಲಿ ಬಹಳಷ್ಟು ಮಸುಕಾಗಿದೆ, ಸುದ್ದಿ ಕೇಳಿ ಆಯಿ ರೈಲಿಳಿದು ಬಂದ ಸಂಜೆಯೊಂದು ಬಿಟ್ಟು.

ಅವಳು ಮನೆಯೊಳಗೆ ಹೋಗಲಿಲ್ಲ. ಅಂಗಳದಲ್ಲಿ ಗಾಡಿಯ ಹತ್ತಿರ ನಿಂತಳು. ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಕೈ ಅಡ್ಡ ಹಿಡಿದು, "ನೀ ಸುಮ್ನಿರು. ನನಗ ನೋವಾಗಬಾರದಂತ ನೀ ಸುಳ್ಳ ಹೇಳ್ತಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ನೀ ಹೇಳವ್ವಾ. ಗಾಡಿ ಚಾಲೂ ಆತೇನು?"

"ಒಂದೇ ಸಲಕ್ಕ ಆತು, ಆಯಿ. ನಾ ಒಳಗ ಇದ್ದೆ."

ಅದು ನಿಜವಾಗಿತ್ತು. ಆಯಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಮತ್ತೆ ಬಾನೆಟ್ಟಿನ ಮೇಲೆ ಅಂಗೈ ಊರಿ, ತಣ್ಣಗಿನ ಆ ತಗಡಿಗೆ ಹಣೆ ಹಚ್ಚಿ, ಅಲ್ಲಿ ಅತ್ತಳು.