ಇನ್‌ಸ್ಟಾಲರಿನಲ್ಲಿ ಉಳಿದ ನಂಬರು

ಕಂಪ್ಯೂಟರಿಗೆ ಹೊಸ ಆಟವೊಂದನ್ನು ಹಾಕಿಕೊಳ್ಳುವಾಗ ಹಸಿರು ಪಟ್ಟಿ ತುಂಬುವವರೆಗೆ ಕಾಯಬೇಕಾಗುತ್ತದೆ. ಆ ಹೊತ್ತಿನಲ್ಲಿ ಬೇಸರವಾಗದಿರಲಿ ಎಂದು ಇನ್‌ಸ್ಟಾಲರ್ ಒಂದರ ಹಿಂದೊಂದು ಜಾಹೀರಾತು ತೋರಿಸುತ್ತದೆ. ಆರು ವರ್ಷದ ಹಿಂದೆ ಅಂಥ ಐದು ಜಾಹೀರಾತುಗಳನ್ನು ಬರೆದವಳು ನಾನು.

ಓದು ಮುಗಿಸಿ, ಪಣಜಿ ಪಕ್ಕದ ಪರ್ವರಿಯ ಸಣ್ಣ ಕಂಪನಿಯೊಂದಕ್ಕೆ ತರಬೇತಿಗೆ ಸೇರಿದ್ದೆ. ಮನೆಯಿಂದ ನಡೆದೇ ಹೋಗಬಹುದಿತ್ತು. ಎರಡು ಕೋಣೆ, ಆರು ಜನ, ಮಾಡುತ್ತಿದ್ದುದು ಒಂದೇ ಆಟ: ಫೆರಿಗೆ ಸ್ಕೂಟರು, ಮೀನಿನ ಬುಟ್ಟಿ, ಮದುವೆ ದಿಬ್ಬಣ ಎಲ್ಲವನ್ನೂ ಹತ್ತಿಸಿ, ಮುಳುಗಿಸದೆ ನದಿ ದಾಟಿಸಬೇಕು. ಆಟ ಉಚಿತವಾದ್ದರಿಂದ ಇನ್‌ಸ್ಟಾಲರಿನ ಜಾಗವನ್ನು ಸುತ್ತಲಿನ ಅಂಗಡಿಗಳಿಗೆ ಕೊಟ್ಟಿದ್ದರು. ಮೊಬೈಲ್ ಅಂಗಡಿ, ಬಾಡಿಗೆ ಬೈಕು, ಕಂಪ್ಯೂಟರ್ ಕ್ಲಾಸು, ಕೇಕಿನ ಅಂಗಡಿ. ಐದನೆಯ ಜಾಗಕ್ಕೆ ಯಾರೂ ಸಿಗಲಿಲ್ಲ. ಏನಾದರೂ ಹಾಕಿ ತುಂಬು ಎಂದರು.

ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಆಗ ಇನ್ನೊಂದು ಕಟ್ಟಡ ಏಳುತ್ತಿತ್ತು. ಅಲ್ಲಿನ ತಗಡಿನ ಶೆಡ್ಡಿನಲ್ಲಿ ವಿಜಯಪುರದ ಕಡೆಯ ಒಬ್ಬ ಹೆಂಗಸು ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಗಂಡನಿಗೆ ಅದೇ ಕಟ್ಟಡದಲ್ಲಿ ಗಾರೆಯ ಕೆಲಸ. ಗಂಡನ ತಂಗಿ ಜೊತೆಗೆ ಕೂತು ಶೇಂಗಾ ಚಟ್ನಿ ಕುಟ್ಟುತ್ತಿದ್ದಳು. ಧಾರವಾಡದ ರೊಟ್ಟಿ ಇಲ್ಲಿ ಸಿಗುವುದಿಲ್ಲವೆಂದು ಕೊರಗುತ್ತಿದ್ದ ನನ್ನ ತಾಯಿ ಅವರ ಕಾಯಂ ಗಿರಾಕಿ. ನಾನು ಹಿಂದಿಯಲ್ಲಿ ಬರೆದೆ: ಬಿಸಿ ಜೋಳದ ರೊಟ್ಟಿ, ನಾಲ್ಕು ಕೊಂಡರೆ ಶೇಂಗಾ ಚಟ್ನಿ ಉಚಿತ. ತಾಯಿಯ ಫೋನಿನಿಂದ ಅವಳ ನಂಬರು ತೆಗೆದು ಕೆಳಗೆ ಹಾಕಿದೆ.

ಅವಳನ್ನು ಕೇಳಲಿಲ್ಲ. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡವಳಿಗೆ ಕೇಳಬೇಕೆಂದು ಹೊಳೆಯಲಿಲ್ಲ. ಆರ್ಡರಿಗೆ ನಿನ್ನ ನಂಬರನ್ನೇ ಹಾಕು, ನೀನೇ ಅವಳಿಗೆ ತಿಳಿಸಬಹುದಲ್ಲ ಎಂದು ಜೊತೆಯವರೊಬ್ಬರು ಹೇಳಿದರು. ಗೊತ್ತಿಲ್ಲದವರೆಲ್ಲ ಫೋನ್ ಮಾಡುವುದು ನನಗೆ ಸೇರುವುದಿಲ್ಲ ಎಂದೆ. ಆ ಮಾತು ಒಂದಕ್ಷರವೂ ಬಿಡದೆ ನೆನಪಿದೆ.

ಆಟ ಓಡಲಿಲ್ಲ. ಮರುವರ್ಷ ಕಂಪನಿ ಮುಚ್ಚಿತು. ನಾನು ಪಣಜಿಯ ಆಫೀಸೊಂದಕ್ಕೆ ಸೇರಿದೆ. ಕಟ್ಟಡ ಮುಗಿದು ಶೆಡ್ಡು ಕಿತ್ತರು, ರೊಟ್ಟಿಯವರೂ ಹೋದರು. ಆ ಐದು ಜಾಹೀರಾತುಗಳನ್ನು ಮರೆತೇಬಿಟ್ಟಿದ್ದೆ.

ಈ ವರ್ಷ ಮಳೆಗಾಲ ಮುಗಿದ ಮೇಲೆ, ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಸಹೋದ್ಯೋಗಿಯೊಬ್ಬ ಎಲ್ಲರನ್ನೂ ತನ್ನ ಮೇಜಿನ ಬಳಿ ಕರೆದ. ಹಳೆಯ ಉಚಿತ ಆಟಗಳನ್ನು ಕೂಡಿಹಾಕುವ ತಾಣವೊಂದರಲ್ಲಿ ನಮ್ಮ ಫೆರಿಯ ಆಟ ಅವನಿಗೆ ಸಿಕ್ಕಿತ್ತು. ಎರಡು ವರ್ಷದಿಂದ ಅದು ಅಲ್ಲಿದೆಯಂತೆ. ಜನ ಇಳಿಸಿಕೊಳ್ಳುವುದು ಆಟಕ್ಕಲ್ಲ, ಈ ಜಾಹೀರಾತುಗಳನ್ನು ನೋಡಿ ನಗಲಿಕ್ಕೆ. ಹಸಿರು ಪಟ್ಟಿ ತೆವಳತೊಡಗಿತು. ಈ ಗಣೇಶ ಚವತಿಗೆ ಮಾತ್ರ ರಿಯಾಯಿತಿ ಎಂದು ಮೊಬೈಲ್ ಅಂಗಡಿ ಕೂಗಿತು. ಆ ಅಂಗಡಿ ಈಗಿಲ್ಲ. ಕಂಪ್ಯೂಟರ್ ಕ್ಲಾಸಿದ್ದಲ್ಲಿ ಕೋಳಿ ಮಾರುತ್ತಾರೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ರೊಟ್ಟಿ ಬಂತು.

"ನೋಡೋಣ, ಚಟ್ನಿ ಇನ್ನೂ ಫುಕಟ್ಟೇನಾ!" ಎಂದು ಅವನು ನಂಬರು ಒತ್ತಿ ಸ್ಪೀಕರಿಗೆ ಹಾಕಿದ. ಬೇಡ ಎನ್ನಲು ಒಂದು ಕ್ಷಣವಿತ್ತು. ನಾನು ಅನ್ನಲಿಲ್ಲ.

"ಹಲೋ, ಭಾಕರಿ ಕೇ ಸಾಥ್ ಚಟ್ನಿ ಫ್ರೀ ಹೈ ಕ್ಯಾ?"

"ಮತ್ತ ಬಂತು ನೋಡು! ಯಾರ ಮಗನೋ ನೀ? ನಾಚಿಕಿ ಇಲ್ಲೇನು, ಹೆಣಮಕ್ಕಳ ಫೋನಿಗೆ ಹಚ್ಚಿ ಚಟ್ನಿ ಕೇಳಾಕ? ನಿನಗ ನಂಬರ್ ಕೊಟ್ಟಾಳಲ್ಲ ನಮ್ಮ ನಾದಿನಿ, ವಾಸ್ಕೋದಾಗ ಕುಂತಾಳ, ಚಟ್ನಿ ಅಕಿನ್ನಽ ಕೇಳ್ ಹೋಗು!"

ಫೋನು ಕಟ್ಟಾಯಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲಿ ಕನ್ನಡ ಬರುತ್ತಿದ್ದವಳು ನಾನೊಬ್ಬಳೇ.

"ಏನಂದಳು, ಹೇಳು ಹೇಳು!"

"ರಾಂಗ್ ನಂಬರ್ ಅಂದಳು" ಎಂದೆ.

ಮನೆಯಲ್ಲಿ ತಾಯಿಯನ್ನು ರೊಟ್ಟಿಯವಳ ಬಗ್ಗೆ ವಿಚಾರಿಸಿದೆ. "ಅಕಿ ಈಗ ಕೊರ್ತಾಲಿಮ್‌ದಾಗ ಅದಾಳ. ದಾಬೋಲಿಮ್‌ದಾಗ ಯಾವ್ದೋ ಹೊಟೆಲ್‌ನ್ಯಾಗ ಚಾದರ ಬದಲಿ ಮಾಡೋ ಕೆಲಸ. ರೊಟ್ಟಿ ಬಿಟ್ಟು ಭಾಳ ದಿನ ಆತು. ಯಾಕ, ರೊಟ್ಟಿ ತಿನಬೇಕು ಅನಸ್ತೇನು?" ಹೌದು ಎಂದೆ. ಇಷ್ಟಾದ ಮೇಲೂ ಹತ್ತು ದಿನ ಕಳೆದೆ. ಆ ಹತ್ತು ದಿನದಲ್ಲಿ ಇನ್‌ಸ್ಟಾಲರ್ ಇರುವ ತಾಣಗಳನ್ನು ಹುಡುಕಿ ತೆಗೆದುಹಾಕಿರೆಂದು ಬರೆದೆ. ಒಂದು ಕಡೆಯವರು ತೆಗೆದರು. ಉಳಿದವರಿಂದ ಉತ್ತರವಿಲ್ಲ. ಇಳಿಸಿಕೊಂಡವರ ಯಂತ್ರಗಳಿಂದ ಅದನ್ನು ಯಾರೂ ತೆಗೆಯಲಾರರು.

ಭಾನುವಾರ ಲ್ಯಾಪ್‌ಟಾಪ್ ಹಿಡಿದು ಕೊರ್ತಾಲಿಮ್‌ಗೆ ಹೋದೆ. ಸೇತುವೆಯ ಕೆಳಗಿನ ಓಣಿಯಲ್ಲಿ ಇಬ್ಬರನ್ನು ಕೇಳಿ ಮನೆ ಹಿಡಿದೆ. ಅವಳು ನೋಡಿದೊಡನೆ ಗುರುತಿಸಿದಳು.

"ಬರ್ರಿ ತಂಗಿ, ಬರ್ರಿ! ಭಾಳ ಸೊರಗೀರಿ. ಆಫೀಸ್‌ನ್ಯಾಗ ಉಣ್ಣಾಕ ಬಿಡಂಗಿಲ್ಲೇನು?"

ಇದ್ದೊಂದು ಕುರ್ಚಿ ನನಗೆ ಕೊಟ್ಟು ಚಹಾ ಇಟ್ಟಳು. ಮೊಬೈಲು ನೆಲದ ಮೇಲೆ ಬೋರಲಾಗಿ ಬಿದ್ದಿತ್ತು. ನಾನು ನೋಡಿದ್ದನ್ನು ನೋಡಿ ತಾನೇ ಶುರು ಮಾಡಿದಳು. ಎರಡು ವರ್ಷದಿಂದ ಯಾರ್ಯಾರೋ ರೊಟ್ಟಿ ಕೇಳುತ್ತಾರೆ, ಚಟ್ನಿ ಕೇಳಿ ನಗುತ್ತಾರೆ. ಕೆಲಸದ ಹೊತ್ತಿನಲ್ಲಿ ಬಂದರೆ ಸೂಪರ್‌ವೈಸರ್ ಬೈಯುತ್ತಾನೆ. ಬ್ಯಾಂಕು, ಆಧಾರ್ ಎಲ್ಲವೂ ಇದೇ ನಂಬರಿಗೆ ಅಂಟಿವೆ, ಬದಲಿಸಲಾಗದು. "ನಾಕು ರೊಟ್ಟಿಗೆ ಚಟ್ನಿ ಪುಕಟ್ ಅನ್ನೂದು ನನಗ ಗೊತ್ತು, ನಮ್ಮ ನಾದಿನಿಗೆ ಗೊತ್ತು. ಊರ ಮಂದಿಗೆ ಹ್ಯಾಂಗ ಗೊತ್ತಾಕ್ಕೈತಿ ಹೇಳ್ರಿ? ಲಗ್ನಾಗಿ ವಾಸ್ಕೋಕ ಹೋದ್ಮ್ಯಾಲೆ ಅಕಿ ಭಾಳ ಬದಲಾದ್ಳು."

ನಾನು ಲ್ಯಾಪ್‌ಟಾಪ್ ತೆರೆದು ಇನ್‌ಸ್ಟಾಲರ್ ಓಡಿಸಿದೆ. ನಾಲ್ಕು ಜಾಹೀರಾತು ಮುಗಿಯುವವರೆಗೆ ಇಬ್ಬರೂ ನೋಡಿದೆವು. ಐದನೆಯದು ಬಂದಾಗ ಅವಳು ತೆರೆಯ ಮೇಲೆ ಬೆರಳಿಟ್ಟು ಅಂಕಿಗಳನ್ನು ಒಂದೊಂದಾಗಿ ಓದಿದಳು. ಹಿಂದಿ ಅವಳಿಗೆ ಓದಲು ಬರುತ್ತಿರಲಿಲ್ಲ.

"ಚಟ್ನಿ ಅಂತನೂ ಬರದೈತೇನು?"

"ಬರದೈತ್ರಿ."

"ಯಾರು ಬರದಾರ?"

"ನಾನಽ ಬರದೇನ್ರಿ. ನಿಮಗ ಗಿರಾಕಿ ಸಿಗಲಿ ಅಂತ. ತಪ್ಪಾತ್ರಿ, ಕ್ಷಮಿಸ್ರಿ."

ಅವಳು ಬೈಯಲಿಲ್ಲ. ಒಲೆಯ ಮೇಲೆ ಚಹಾ ಉಕ್ಕಿತು, ಒಲೆ ಆರಿಸಲೂ ಏಳಲಿಲ್ಲ. ನಾನು ಎದ್ದು ಆರಿಸಿದೆ.

"ಅಕಿಗೆ ಏನಂದೇನಿ ಗೊತ್ತೇನು ನಿಮಗ?" ಎಂದಳು ಕೊನೆಗೆ. "ಮದಿವಿ ಮನ್ಯಾಗ, ಎಲ್ಲಾರ ಮುಂದ. ನನ್ನ ನಂಬರ್ ಗಂಡಸರಿಗೆ ಮಾರ್ಕೊಂಡೀ ಅಂದೇನಿ. ಅಕಿ ಗಂಡನೂ ಅಲ್ಲೇ ನಿಂತಿದ್ದ. ಅವತ್ತಿಂದ ಅಕಿನ್ನ ನಮ್ಮನಿಗೆ ಕಳಸಂಗಿಲ್ಲ."

ಮತ್ತೆ ಕ್ಷಮಿಸಿ ಎಂದೆ.

"ನನಗ್ಯಾಕ ಹೇಳ್ತೀರಿ? ಅಕಿಗೆ ಹೇಳ್ರಿ. ನಿಮ್ಮ ಫೋನಿಂದ ಹಚ್ಚ್ರಿ, ನನ್ನದು ನೋಡಿದ್ರ ಎತ್ತಂಗಿಲ್ಲ."

ಹಚ್ಚಿದೆ. ನಾನು ಯಾರು, ಯಾವ ಮನೆಯವಳು ಎಂದು ಹೇಳಿ, ಇನ್‌ಸ್ಟಾಲರ್ ಎಂದರೇನು ಎಂದು ತಿಳಿಸಲು ಹೋದೆ. ಆಟ ಶುರುವಾಗುವ ಮೊದಲು ಬರುವ ಚಿತ್ರ ಎಂದೆ, ಸಿನಿಮಾಕ್ಕೆ ಮುಂಚೆ ಜಾಹೀರಾತು ಬರುವ ಹಾಗೆ ಎಂದೆ. ನನ್ನ ಲ್ಯಾಪ್‌ಟಾಪಿನಲ್ಲಿ ಈಗಲೂ ಇದೆ ಎಂದೆ.

"ಎರಡು ರಂಜಾನ್ ಹೋದ್ವು, ತವರಮನಿ ಬಾಗಲಾ ತುಳದಿಲ್ಲ ನಾನು. ಈಗ ಹೇಳಾಕತ್ತೀರೇನು?"

"ನನಗ ಗೊತ್ತಾಗಿ ಹತ್ತು ದಿನ ಆತ್ರಿ."

"ಹತ್ತು ದಿನ ಏನ್ ಮಾಡಾಕತ್ತಿದ್ರಿ?"

ತಾಣಗಳಿಗೆ ಬರೆದದ್ದನ್ನು ಹೇಳಬಹುದಿತ್ತು. ಆದರೆ ಅದೆಲ್ಲ ಇಲ್ಲಿಗೆ ಬರುವುದನ್ನು ತಪ್ಪಿಸಲು ಮಾಡಿದ್ದೆಂದು ನನಗೆ ಗೊತ್ತಿತ್ತು. 

"ನಾ ಹೇಳಿದ್ರ ನಮ್ಮ ಮನಿಯವರು ನಂಬಂಗಿಲ್ಲ" ಎಂದಳು ಅವಳು. "ಟ್ಯಾಕ್ಸಿ ಬಿಟ್ಟು ನಾಕಕ್ಕ ಬರ್ತಾರ. ಅವರ ಎದುರಿಗೆ ಬಂದು ಹೇಳ್ರಿ. ಆ ಮಿಷನ್ನೂ ತರ್ರಿ."

ಫೋನಿಟ್ಟು ನೋಡಿದಾಗ ರೊಟ್ಟಿಯವಳು ಆಗಲೇ ಬುರ್ಖಾ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ವಾಸ್ಕೋದ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇತ್ತು. ಅವಳು ಕೂರಲಿಲ್ಲ, ಬಾಗಿಲ ಬಳಿಯ ಕಂಬಿ ಹಿಡಿದು ದಾರಿಯುದ್ದಕ್ಕೂ ನಿಂತೇ ಇದ್ದಳು. ನಾನು ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು, ಆ ನಾದಿನಿಯ ಗಂಡನಿಗೆ ಮೊದಲ ಮಾತು ಏನು ಹೇಳಬೇಕೆಂದು ಯೋಚಿಸುತ್ತಿದ್ದೆ.