ನನ್ನ ಮಗನ ಮಾತು ಕೇಳಿದ ದಾವಲಸಾಬ

ಸುಳ್ಳು ಸುದ್ದಿ ಅಂದುಕೊಂಡೆ...
ನಿನ್ನೆ ಸಂಜೆ ವರ್ಕ್‌ಶಾಪಿನ ಗೇಟಿನಲ್ಲಿ ನನ್ನ ಬೀಡಿ ಕಸಿದು ಸೇದಿದವನು,
ಇವತ್ತು ಬೆಳಗಿನ ಪಾಳಿಯ ಭೋಂಗಾ ಕೂಗುವ ಮೊದಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟನಂತೆ...

ನಮ್ಮ ದಾವಲಸಾಬ.
ನನ್ನ ಪಕ್ಕದ ಬೆಂಚಿನ ಫಿಟ್ಟರ್. ಚಡ್ಡಿ ದೋಸ್ತ.

ಗೆಳೆಯರೇ, ರೀಡಿಂಗ್ ರೂಮಿನ ಬೋರ್ಡಿಗೆ ಈ ಹಾಳೆ ಹಚ್ಚುತ್ತಿದ್ದೇನೆ.
ನೀವೆಲ್ಲ ಅವನನ್ನು ಹೊಗಳುತ್ತೀರಿ... ಹೊಗಳಿ.
ನನಗೆ ಅವನ ಮೇಲೆ ಹೊಟ್ಟೆಕಿಚ್ಚು. ಸತ್ತ ಮೇಲೂ ಆರಿಲ್ಲ.

ಮ್ಯಾಟ್ರಿಕ್ ಓದುತ್ತಿದ್ದ ನನ್ನ ಮಗ ಬಸವರಾಜ ಒಂದು ದಿನ ಪುಸ್ತಕ ಮುಚ್ಚಿ, ಗೋಡೆಗೆ ಮುಖ ಮಾಡಿ ಕೂತುಬಿಟ್ಟ.
ಊಟ ಬೇಡ, ಸ್ನಾನ ಬೇಡ...
ಮಾತಂತೂ ಇಲ್ಲವೇ ಇಲ್ಲ.
"ಗಾಳಿ ಸೋಕೇತಿ" ಅಂದರು. ತಾಯತ ಕಟ್ಟಿಸಿದೆ.
ದವಾಖಾನೆಗೆ ಒಯ್ಯಲು ಹೆದರಿಕೆ... ಮಗಳ ಮದುವೆ ಇನ್ನೂ ಆಗಿರಲಿಲ್ಲ.

ದಾವಲಸಾಬ ಬಿಡಲಿಲ್ಲ.
"ಜ್ವರ ಬಂದ್ರ ದವಾಖಾನಿಗೆ ಒಯ್ತಿ. ಮನಸಿಗೆ ಬ್ಯಾನಿ ಆದ್ರ ಗ್ವಾಡಿಗೆ ಕುಂಡ್ರಸ್ತಿಯೇನಲೇ?"

ಮೂವರೂ ರೈಲು ಹತ್ತಿ ಧಾರವಾಡದ ಮನಸ್ಸಿನ ದವಾಖಾನೆಗೆ ಹೋದೆವು.
ಡಾಕ್ಟರು ಹುಡುಗನನ್ನು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಟ್ಟೆ.
"ನಿದ್ದಿ ಇಲ್ರಿ... ಹಸಿವಿ ಇಲ್ರಿ..."
ದಾವಲಸಾಬ ನನ್ನ ತೋಳು ಹಿಡಿದು ಹೊರಗೆ ತಂದು ಕೂಡಿಸಿದ.
"ಹುಡುಗನ ಬಾಯಿ ನಿನ್ನ ಕಿಸೇದಾಗ ಐತೇನು?"

ದಾವಲ್ಯಾ...
ನನಗೆ ಗೊತ್ತಿರದ್ದು ನಿನಗೇನು ಗೊತ್ತಿತ್ತೋ?
ರವಿವಾರಕ್ಕೊಮ್ಮೆ ನೀನು ಮನೆಗೆ ಬಂದು ಹುಡುಗನ ಪಕ್ಕ ಕೂರುತ್ತಿದ್ದೆ. ಏನೂ ಕೇಳುತ್ತಿರಲಿಲ್ಲ. ನೀನೂ ಗೋಡೆ ನೋಡುತ್ತಿದ್ದೆ.
ರೇಶನ್ ಸಕ್ಕರೆಯ ಕಾಲ... ನನಗೆ ಸಪ್ಪೆ ಚಹಾ, ನಿನಗೆ ಸಿಹಿ.
ನನ್ನ ಹೆಂಡತಿಯೂ ನಿನ್ನ ಪಾರ್ಟಿ!

ಒಂದು ರವಿವಾರ ಒಳಗಿಂದ ಅವನ ದನಿ ಕೇಳಿತು...
ಓಡಿ ಬಂದೆ. ಬಾಗಿಲಲ್ಲಿ ನನ್ನನ್ನು ಕಂಡದ್ದೇ, ಸುಮ್ಮನಾದ.
"ಏನಂದ?" ಎಂದು ಆಮೇಲೆ ನಿನ್ನನ್ನು ಕೇಳಿದೆ.
"ಅದು ನಮ್ಮಿಬ್ಬರ ಮಾತು. ನಿನಗ ಹೇಳಂಗಿಲ್ಲ."
ಹೆತ್ತ ಅಪ್ಪನಿಗೇ ಹೇಳುವುದಿಲ್ಲವಂತೆ!
ಆ ಹೊತ್ತು ನಿನ್ನ ಕುತ್ತಿಗೆ ಹಿಸುಕಬೇಕು ಅನ್ನಿಸಿತ್ತು, ಖರೇ ಹೇಳುತ್ತೇನೆ.

ಹುಡುಗನಿಗೆ ಗುಣವಾಯಿತು. ಈಗ ನಮ್ಮಲ್ಲೇ ಅಪ್ರೆಂಟಿಸ್.
ಎಲ್ಲರ ಜೊತೆ ಮಾತು, ನಗು. ದಿನವೆಲ್ಲ ಕಾಕಾ, ಕಾಕಾ ಎಂದು ನಿನ್ನ ಹಿಂದೆ...
ನನಗೆ ಮಾತ್ರ ಒಂದು "ಹೂಂ", ಒಂದು "ಇಲ್ಲ".

ಇವತ್ತು ಬೆಳಿಗ್ಗೆ ನಿನ್ನ ಸುದ್ದಿ ತಂದವನು ಅವನೇ.
ಬಾಗಿಲಲ್ಲಿ ನಿಂತ. ಬಾಯಿಗೆ ಬಂದ ಪ್ರಶ್ನೆಯನ್ನು ನುಂಗಿಕೊಂಡು ಸುಮ್ಮನೆ ಕೂತೆ...
ಬಂದು ನನ್ನ ತೊಡೆಯ ಮೇಲೆ ತಲೆ ಇಟ್ಟ.
"ಅಪ್ಪಾ... ಕಾಕಾ ಹೋದ್ರು."

ಇಷ್ಟು ವರ್ಷ ಕಾದಿದ್ದೆನಲ್ಲೋ ಇದಕ್ಕೆ...
ಕೊನೆಗೂ ಮಗ ನನ್ನ ಹತ್ತಿರ ಬಂದ. ಅದೂ ನಿನಗಾಗಿ ಅಳಲು!

ಹೋಗಿ ಬಾ, ದೋಸ್ತ.
ಮಣ್ಣಿಗೆ ನಾವಿಬ್ಬರೂ ಬರುತ್ತೇವೆ.
ಅಲ್ಲಾಹ ನಿನ್ನ ಜೀವವನ್ನು ತಣ್ಣಗೆ ಇಡಲಿ...

ನಿನ್ನ ಈರಪ್ಪ