ಕಣಜದೊಳಗಿದ್ದ ಗಂಗಿ

ಸ್ಪಿರಿಟ್ ವಾಸನೆ ಬಂದರೆ ಯಾರಿಗಾದರೂ ಆಸ್ಪತ್ರೆ ನೆನಪಾಗುತ್ತದೆ. ಮೊಳಕಾಲ್ಮೂರು ಸೀಮೆಯಲ್ಲಿ ಮೂವತ್ತು ವರ್ಷ ನರ್ಸಾಗಿದ್ದ ನನಗೆ ಮಾತ್ರ ಕೊಂಡ್ಲಹಳ್ಳಿ ಹತ್ತಿರದ ನಮ್ಮ ಮಣ್ಣಿನ ಮನೆಯ ಪಡಸಾಲೆ ಕಣ್ಣ ಮುಂದೆ ಬರುತ್ತದೆ. ಸಗಣಿ ಸಾರಿಸಿದ ತಣ್ಣನೆಯ ನೆಲ, ಶೇಂಗಾ ಚೀಲಗಳು, ಮೂಲೆಯಲ್ಲಿ ಬಿದಿರಿನ ಕಣಜ, ಮತ್ತು ನಮ್ಮನ್ನು ಸಾಕಿದ ಅಜ್ಜಿ. ತಂಗಿ ಗಂಗಿಯನ್ನು ಹೆತ್ತು ಅವ್ವ ತೀರಿಕೊಂಡಿದ್ದಳು. ಅಜ್ಜಿ ಆಂಧ್ರದ ಗಡಿಯವಳು. ಸಿಟ್ಟು ಬಂದರೆ ಕನ್ನಡ, ಮುದ್ದು ಬಂದರೆ ತೆಲುಗು. ಗಂಗಿಗೆ ಸಿಗುತ್ತಿದ್ದುದೆಲ್ಲ ತೆಲುಗು, ನನಗೆ ಬಹುಪಾಲು ಕನ್ನಡ.

ನನಗೆ ಏಳು ವರ್ಷ, ಗಂಗಿಗೆ ಮೂರು ಇರುವಾಗ ಪಕ್ಕದ ಮನೆಗೆ ಸಿಡುಬು ಬಂತು. ಹಾಗನ್ನುವಂತಿರಲಿಲ್ಲ, ‘ಅಮ್ಮ ಬಂದವಳೆ’ ಎನ್ನಬೇಕಿತ್ತು. ಬೀದಿಯಲ್ಲೆಲ್ಲ ಒಗ್ಗರಣೆ ನಿಂತಿತು, ಬಾಗಿಲುಗಳಿಗೆ ಬೇವಿನ ಸೊಪ್ಪು ಬಂತು. ಹಿಂದೆಯೇ ದಾಕು, ಅಂದರೆ ಸಿಡುಬಿನ ಲಸಿಕೆ, ಹಾಕುವ ಸಾಬರು ಸೈಕಲ್ಲಿನಲ್ಲಿ ಬಂದರು. ಗಂಗಿ ಆಗಷ್ಟೇ ಜ್ವರದಿಂದ ಎದ್ದು ಕಡ್ಡಿಯಂತಾಗಿದ್ದಳು. ಅಮ್ಮ ಬೀದಿಯಲ್ಲಿರುವಾಗ ಆ ಮೈಗೆ ಸೂಜಿ ಚುಚ್ಚಿದರೆ ಅವಳು ಮುನಿದು ಕೂಸನ್ನೇ ಒಯ್ಯುತ್ತಾಳೆಂದು ಅಜ್ಜಿಗೆ ಹೆದರಿಕೆ. ಕಣ್ಣಾಮುಚ್ಚಾಲೆ ಆಟವೆಂದು ಹೇಳಿ, ಕೈಗೊಂದು ಬೆಲ್ಲದ ಚೂರು ಕೊಟ್ಟು, ಅವಳನ್ನು ಖಾಲಿ ಕಣಜದೊಳಗೆ ಇಳಿಸಿದಳು. ಸಾಬರು ಸ್ಪಿರಿಟ್ ದೀಪದಲ್ಲಿ ಸೂಜಿ ಕಾಯಿಸಿ, ಆರಿಸಿ, ನನ್ನ ತೋಳಿಗೆ ದಾಕು ಹಾಕಿದರು.

“ಮನೇಲಿ ಇನ್ನೂ ಕೂಸು ಅದಾವೇನ್ರಿ?” ಎಂದು ಅಜ್ಜಿಯನ್ನು ಕೇಳಿದರು.

“ಇದೊಂದೇ ಸ್ವಾಮಿ.”

ಸಾಬರು ನನ್ನ ಕಡೆ ತಿರುಗಿದರು. “ಹೌದೇನವ್ವ?”

ನಾನು ಹೌದೆಂದು ತಲೆಯಾಡಿಸಿದೆ. ಕಣಜದೊಳಗೆ ಗಂಗಿ ನಗು ತಡೆದುಕೊಳ್ಳುತ್ತಿದ್ದುದು ನನಗೆ ಕೇಳಿಸುತ್ತಿತ್ತು. ಆಟದಲ್ಲಿ ನಾವು ಗೆದ್ದೆವೆಂದು ನನಗೂ ಖುಷಿಯಾಗಿತ್ತು.

ವಾರದಲ್ಲಿ ನನ್ನ ತೋಳಿನ ಮೇಲೆ ಗುಳ್ಳೆ ಎದ್ದಿತು, ಹಕ್ಕುಗಟ್ಟಿತು. ಎರಡನೆಯ ವಾರ ಗಂಗಿಗೆ ಜ್ವರ ಬಂತು. ಆಮೇಲೆ ಮುಖ, ಕೈಕಾಲು, ಪುಟ್ಟ ಅಂಗೈಗಳಲ್ಲೂ ಬೊಕ್ಕೆಗಳು. ಅಜ್ಜಿ ಬೇವಿನ ಎಸಳಿನಿಂದ ಗಾಳಿ ಹಾಕುತ್ತ “ನಾ ತಲ್ಲಿ, ನಾ ತಲ್ಲಿ”, ನನ್ನವ್ವ ನನ್ನವ್ವ, ಅನ್ನುತ್ತ ಕೂತೇ ಇದ್ದಳು. ಗಂಗಿ ಉಳಿಯಲಿಲ್ಲ. ಸೋಂಕು ತಗುಲಿದ ಮೂರು ನಾಲ್ಕು ದಿನದೊಳಗೆ ದಾಕು ಹಾಕಿದ್ದರೂ ಕಾಯಿಲೆ ತಡೆಯಬಹುದಿತ್ತೆಂದು ನರ್ಸಿಂಗ್ ತರಗತಿಯಲ್ಲಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ. ಈಗ ಸಿಡುಬೇ ಇಲ್ಲ, ಪುಣ್ಯ. ಆದರೂ ಚಳ್ಳಕೆರೆಯ ಹೊಸ ನರ್ಸ್ ಹುಡುಗಿಯರು, ಲಸಿಕೆ ಬೇಡವೆನ್ನುವ ತಾಯಂದಿರ ಮೇಲೆ ರೇಗುವುದನ್ನು ಕಂಡರೆ ನಡುವೆ ಬಾಯಿ ಹಾಕುತ್ತೇನೆ. ಬೈಯಬೇಡಿ, ಪಕ್ಕದಲ್ಲಿ ಕೂತು ಏನು ಹೆದರಿಕೆ ಎಂದು ಕೇಳಿ, ಅನ್ನುತ್ತೇನೆ. ಅಜ್ಜಿಯಷ್ಟು ಗಂಗಿಯನ್ನು ಪ್ರೀತಿಸಿದವರು ಯಾರಿದ್ದರು?

ಅಜ್ಜಿ ಮತ್ತೆಂದೂ ಆ ಹೆಸರು ಎತ್ತಲಿಲ್ಲ. ಕೊನೆಗಾಲದಲ್ಲಿ ಒಂದು ಮಧ್ಯಾಹ್ನ, ನಾನು ಕಾಲು ಒತ್ತುತ್ತಿದ್ದಾಗ ಮೆಲ್ಲಗೆ ಕೇಳಿದಳು: “ನಾನು ಸುಳ್ಳು ಹೇಳ್ದೆ. ನೀನಾದ್ರೂ ಇನ್ನೊಂದು ಕೂಸು ಐತೆ ಅನ್ನಬಾರ್ದಿತ್ತೇನೇ?”

ಅಷ್ಟು ವರ್ಷ ಅದನ್ನು ನಾನೊಬ್ಬಳೇ ಕೇಳಿಕೊಳ್ಳುತ್ತಿದ್ದೇನೆ ಅಂದುಕೊಂಡಿದ್ದೆ.

“ನೀನೂ ಕೂಸೇ ಆಗಿದ್ದೆ ಬಿಡು,” ಎಂದು ಅವಳೇ ಅಂದಳು. ಆಮೇಲೆ, ಇನ್ನೊಂದು ಕಾಲನ್ನೂ ಒತ್ತು ಎಂದಳು.